ಮುಖ್ಯ ಪಾತ್ರಧಾರಿ ಪೈಲಟ್ ಆಗಿದ್ದರೆ ತಾಲೀಮು ಮಾಡೋದು ಹೇಗೆ?

ಹನುಮಂತನಗರ ಹವ್ಯಾಸಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೊಳ್ಳದೆ ಓದಿ.

ನಮ್ಮದು ಚಿಕ್ಕ ನಾಟಕ ತಂಡ. ಹದಿನಾಲ್ಕು ಜನ. ಬ್ಯಾಂಕಿನವರು, ಮೇಷ್ಟ್ರು, ಇಬ್ಬರು ಸಾಫ್ಟ್‌ವೇರ್, ಒಬ್ಬರು ಹೋಮಿಯೋಪತಿ ಡಾಕ್ಟರು. ಸಂಜೆ ಏಳರಿಂದ ಒಂಬತ್ತೂವರೆ ತನಕ ಒಬ್ಬರ ಮನೆ ತಾರಸಿ ಮೇಲೆ ತಾಲೀಮು. ಈ ಸಲ ನಮ್ಮವರೇ ಬರೆದ ಹೊಸ ನಾಟಕ. ಹಳೇ ನಾಟಕ ಕಂಪನಿಯ ಯಜಮಾನನ ಕಥೆ. ಯಜಮಾನ ನಟಿಸಲೂ ಬೇಕು, ಹಾಡಲೂ ಬೇಕು. ನಾಲ್ಕು ಹಾಡು, ಹಾರ್ಮೋನಿಯಂ ಜೊತೆ, ಮೈಕ್ ಇಲ್ಲದೆ.

ಆ ಪಾತ್ರ ಒಬ್ಬ ಕೋ-ಪೈಲಟ್‌ಗೆ ಹೋಯಿತು. ಮೊದಲ ದಿನ ಬಂದು ಒಂದು ಆಲಾಪ ತೆಗೆದ, ನಮ್ಮ ಹಾರ್ಮೋನಿಯಂ ಮೇಷ್ಟ್ರು ಕೈ ನಿಲ್ಲಿಸಿ ಕೂತುಬಿಟ್ಟರು. ನಟನೆಯೂ ಚೆನ್ನಾಗಿದೆ, ಅಹಂಕಾರ ಇಲ್ಲ, ಕಾಫಿ ಲೋಟ ತಾನೇ ತೊಳೆದಿಡುತ್ತಾನೆ. ಆದರೆ 18 ತಾಲೀಮಿನಲ್ಲಿ ಬಂದಿದ್ದು 7. ಒಂದು ದಿನ ಡ್ಯೂಟಿ ಮುಗಿಸಿ ಏರ್‌ಪೋರ್ಟಿನಿಂದ ನೇರ ಬಂದ. ಬಿಳಿ ಷರ್ಟು, ಹೆಗಲ ಮೇಲೆ ಪಟ್ಟಿ, ಪಕ್ಕದಲ್ಲಿ ಟ್ರಾಲಿ ಬ್ಯಾಗ್. ಅದೇ ವೇಷದಲ್ಲಿ 1940ರ ಯಜಮಾನನ ಹಾಡು ಹಾಡಿದ. ನೋಡೋಕೆ ತಮಾಷೆಯಾಗಿತ್ತು. ನಿರ್ದೇಶಕರಿಗೆ ಮಾತ್ರ ತಮಾಷೆ ಅನ್ನಿಸಲಿಲ್ಲ.

ಪ್ರದರ್ಶನಕ್ಕೆ ಇನ್ನು 25 ದಿನ. ಕೆ.ಎಚ್. ಕಲಾಸೌಧ, ಭಾನುವಾರ, 3:30 ಮತ್ತು 7:30, ಎರಡು ಷೋ. ಬದಲಾಯಿಸಬೇಕಾ, ಇಟ್ಟುಕೊಳ್ಳಬೇಕಾ? ಪೈಲಟ್‌ಗಳ ರಜೆ, ರೋಸ್ಟರ್ (ಯಾವ ದಿನ ಡ್ಯೂಟಿ, ಯಾವ ದಿನ ಆಫ್ ಅನ್ನೋ ಪಟ್ಟಿ) ಬಗ್ಗೆ ಗೊತ್ತಿರೋರು ಇದ್ದರೆ ಹೇಳಿ.

ಬಸವನಗುಡಿ ಬೆಣ್ಣೆ:
ಬದಲಾಯಿಸಿ.

ಫಿಲ್ಟರ್ ಕಾಫಿ:
@ಬೆಣ್ಣೆ, ನಿಮಗೆ ಎಲ್ಲದಕ್ಕೂ ಒಂದೇ ಔಷಧಿ. 25 ದಿನದಲ್ಲಿ ಮೈಕ್ ಇಲ್ಲದೆ ನಾಲ್ಕು ಹಾಡು ಹಾಡೋ ನಟನ್ನ ಎಲ್ಲಿಂದ ತರ್ತಾರೆ? ಈಗಿನ ನಟರಿಗೆ ಹಾಡು ಬರಲ್ಲ, ಹಾಡುಗಾರರಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ.

ಬಸವನಗುಡಿ ಬೆಣ್ಣೆ:
ಹಾಡು ಬಂದು ಆಳೇ ಬರದಿದ್ದರೆ? ರಂಗಶಂಕರದಲ್ಲಿ ತಡವಾದರೆ ಪ್ರೇಕ್ಷಕರನ್ನೇ ಒಳಗೆ ಬಿಡಲ್ಲ. ಇಲ್ಲಿ ಯಜಮಾನನೇ ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತಿರ್ತಾನೆ.

ಬಲಗಡೆ ಸೀಟು:
ನಾನೂ ಕೋ-ಪೈಲಟ್. ಹಾಡು ಬರಲ್ಲ, ನಾಟಕ ಬರಲ್ಲ, ರೋಸ್ಟರ್ ಮಾತ್ರ ಚೆನ್ನಾಗಿ ಗೊತ್ತು. ಹೇಳ್ತೀನಿ.

ವಿಮಾನಯಾನದ ಮೇಲ್ವಿಚಾರಣೆ ಮಾಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ ನಾವು ವರ್ಷಕ್ಕೆ 1000 ಗಂಟೆಗಿಂತ ಜಾಸ್ತಿ ಹಾರೋ ಹಾಗಿಲ್ಲ. ಏಳು ದಿನದಲ್ಲಿ 35 ಗಂಟೆ ಮೀರೋ ಹಾಗಿಲ್ಲ. ಇದನ್ನ ಕೇಳಿದ ಕೂಡಲೇ ನಮ್ಮ ಮಾವ "ವಾರಕ್ಕೆ 35 ಗಂಟೆ ಕೆಲಸಾನಾ, ಪುಣ್ಯವಂತ" ಅಂದಿದ್ದರು. ಅದು ಹಾರಾಟದ ಲೆಕ್ಕ ಮಾತ್ರ. ಡ್ಯೂಟಿ ಲೆಕ್ಕ ಬೇರೆ. ಬೆಳಗ್ಗೆ 5:30ರ ವಿಮಾನ ಅಂದರೆ ಹನುಮಂತನಗರದವನಿಗೆ ಕ್ಯಾಬ್ ಬರೋದು ಮೂರು ಗಂಟೆಗೂ ಮುಂಚೆ. ಆಮೇಲೆ ನಾಲ್ಕು ಸಲ ಹತ್ತಿ ಇಳಿದು, ಮಧ್ಯೆ ಎಲ್ಲೋ ಮಳೆ ಅಂತ ಒಂದು ಗಂಟೆ ಕಾದು ಮನೆಗೆ ಬಂದರೆ ಸಂಜೆ. ಆಗ ತಾರಸಿ ಮೇಲೆ ಹಾಡು ಅಂದರೆ ನಾನಾಗಿದ್ದರೆ ಅಲ್ಲೇ ಚಾಪೆ ಹಾಸಿ ಮಲಗ್ತಿದ್ದೆ.

ಒಳ್ಳೆ ಸುದ್ದಿ ಅಂದರೆ, 2025ರ ಜುಲೈ 1ರಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಅಂದರೆ ವಾರದಲ್ಲಿ ಒಂದು ಪೂರ್ತಿ ಸಂಜೆ ಹೇಗೂ ಸಿಗುತ್ತದೆ. ಆದರೆ ಅದು ಭಾನುವಾರವೇ ಆಗಬೇಕು ಅಂತಿಲ್ಲ. ಈ ವಾರ ಮಂಗಳವಾರ, ಮುಂದಿನ ವಾರ ಶುಕ್ರವಾರ.

ನಿಮ್ಮ ಹುಡುಗನ ಹತ್ತಿರ ರೋಸ್ಟರ್ ಇಸ್ಕೊಳ್ಳಿ. ಆಫ್ ದಿನ ನೋಡಿ ಅವನ ದೃಶ್ಯಗಳನ್ನ ಅವತ್ತೇ ಇಟ್ಟುಕೊಳ್ಳಿ. "ಸ್ಟ್ಯಾಂಡ್‌ಬೈ" ಅಂತ ಇರೋ ದಿನ ಮನೆಯಲ್ಲೇ ಇರ್ತಾನೆ, ಆದರೆ ನಂಬಬೇಡಿ. ಫೋನ್ ಬಂತು ಅಂದರೆ ಹೊರಟ. ಷೋ ದಿನಕ್ಕೆ ಆಫ್ ಸಿಗುತ್ತೆ ಅಂತ ಕಾಯೋದು ಬೇಡ, ರಜೆಗೇ ಅರ್ಜಿ ಹಾಕಲಿ. ಹಿಂದಿನ ದಿನಕ್ಕೂ ಸೇರಿಸಿ.

ಸಂಶಯ ಪಿಶಾಚಿ:
ನನ್ನದು ಬೇರೆ ಪ್ರಶ್ನೆ. ನಾನು ತಿಂಗಳಿಗೆ ನಾಲ್ಕು ಸಲ ಪುಣೆಗೆ ಹಾರೋನು. ವಿಶ್ರಾಂತಿ 48 ಗಂಟೆ ಮಾಡಿದ್ದು ನಿದ್ದೆ ಮಾಡಲಿ ಅಂತ ಅಲ್ವಾ? ಅದರಲ್ಲಿ ಇವರು ಮೀಸೆ ಅಂಟಿಸಿಕೊಂಡು ರಾತ್ರಿ ಹತ್ತರ ತನಕ ಹಾಡಿದರೆ ಬೆಳಗ್ಗೆ ನನ್ನ ವಿಮಾನ ಓಡಿಸೋರು ಯಾರು? ನಾಟಕದಲ್ಲಿ ಮಾತು ಮರೆತರೆ ಪಕ್ಕದಿಂದ ಹೇಳಿಕೊಡ್ತಾರೆ. ಅಲ್ಲಿ?

ಫಿಲ್ಟರ್ ಕಾಫಿ:
ಅಲ್ಲೂ ಪಕ್ಕದಲ್ಲಿ ಒಬ್ಬರು ಇರ್ತಾರೆ ಸ್ವಾಮಿ, ಕ್ಯಾಪ್ಟನ್ ಅಂತ.

ಸಂಶಯ ಪಿಶಾಚಿ:
ಕ್ಯಾಪ್ಟನ್ನೂ ಯಕ್ಷಗಾನಕ್ಕೆ ಹೋಗಿ ಬಂದಿದ್ದರೆ?

ಕುಡ್ಲದ ಕುವರಿ:
ಯಕ್ಷಗಾನದ ಸುದ್ದಿಗೆ ಬರಬೇಡಿ ಮಾರಾಯ್ರೆ 😄 ಬೆಳಗ್ಗಿನ ತನಕ ಆಟ ನೋಡಿ ಹತ್ತು ಗಂಟೆಗೆ ಬ್ಯಾಂಕಿಗೆ ಹೋದವರು ನಮ್ಮ ಅಪ್ಪ. ಆದರೆ ಅಪ್ಪನ ಕೈಯಲ್ಲಿ ಪೆನ್ನು ಇದ್ದದ್ದು, ವಿಮಾನ ಅಲ್ಲ. ಪಿಶಾಚಿಯವರ ಮಾತಿನಲ್ಲಿ ಅರ್ಥ ಇದೆ.

ಬಲಗಡೆ ಸೀಟು:
ಅರ್ಥ ಇದೆ, ಒಪ್ಪಿದೆ. ಡ್ಯೂಟಿಗೆ ಬರುವಾಗ ವಿಶ್ರಾಂತಿ ಆಗಿರಬೇಕು ಅನ್ನೋದು ಪೈಲಟ್‌ನದೇ ಜವಾಬ್ದಾರಿ. ಆಗಿಲ್ಲ ಅಂದರೆ "ನಾನು ಇವತ್ತು ಫಿಟ್ ಇಲ್ಲ" ಅಂತ ಹೇಳಬೇಕು. ಆದರೆ ಆಫ್ ದಿನ ಏನು ಮಾಡಬೇಕು ಅಂತೀರಿ? ಎರಡು ದಿನವೂ ಹಾಸಿಗೆ ಹಿಡಿದು ಮಲಗಬೇಕಾ? ನನ್ನ ಜೊತೆಯವರೊಬ್ಬರು ಆಫ್ ದಿನ ಕನಕಪುರ ರಸ್ತೆಯ ತೋಟದಲ್ಲಿ ಬಾಳೆಗೆ ಗೊಬ್ಬರ ಹಾಕ್ತಾರೆ. ಇನ್ನೊಬ್ಬರಿಗೆ ಅವಳಿ ಮಕ್ಕಳು, ಒಂದೂವರೆ ವರ್ಷ. ನಿಜ ಹೇಳಬೇಕು ಅಂದರೆ ಅವಳಿ ಮಕ್ಕಳ ಅಪ್ಪನಿಗಿಂತ ನಾಟಕದವನೇ ಜಾಸ್ತಿ ನಿದ್ದೆ ಮಾಡಿರ್ತಾನೆ.

ಮೆಟಲ್ ಮಾಮ:
ಯಾರೂ ಇನ್ನೂ ಬ್ರೂಸ್ ಡಿಕಿನ್ಸನ್ ಹೆಸರು ಎತ್ತಿಲ್ಲ! ಬೆಂಗಳೂರಿನಲ್ಲಿ ಕೂತು ಹಾಡೋ ಪೈಲಟ್ ಬಗ್ಗೆ ಮಾತಾಡ್ತಾ ಐರನ್ ಮೇಡನ್ ಅನ್ನೋ ಮೆಟಲ್ ಬ್ಯಾಂಡಿನ ಹಾಡುಗಾರನ್ನ ಮರೆಯೋದಾ?

2007ರ ಮಾರ್ಚ್ 17, ಅರಮನೆ ಮೈದಾನ. ನಾನಾಗ ಪಿಯುಸಿ ಎರಡನೇ ವರ್ಷ. ಪರೀಕ್ಷೆ ಸಮಯ. ಅಪ್ಪನಿಗೆ ಫಿಸಿಕ್ಸ್ ಟ್ಯೂಷನ್ ಅಂತ ಹೇಳಿ ಹೋಗಿದ್ದೆ. ಮೂರು ದಿನ ಕಿವಿಯಲ್ಲಿ ಗುಂಯ್ ಅಂತಿತ್ತು, ಅಮ್ಮ ಕರೆದಿದ್ದು ಕೇಳದೆ ಸಿಕ್ಕಿಬಿದ್ದೆ. ಆ ಮನುಷ್ಯ ಸುಮ್ನೆ ಷೋಕಿಗೆ ಲೈಸೆನ್ಸ್ ಇಟ್ಟುಕೊಂಡವನಲ್ಲ. ಬ್ರಿಟನ್ನಿನ ಆಸ್ಟ್ರೇಯಸ್ ಅನ್ನೋ ಏರ್‌ಲೈನ್‌ನಲ್ಲಿ ಕ್ಯಾಪ್ಟನ್. ಪ್ರಯಾಣಿಕರನ್ನ ಕೂರಿಸಿಕೊಂಡು ಬೋಯಿಂಗ್ 757 ಓಡಿಸ್ತಿದ್ದ. 2008ರ ಟೂರ್‌ಗೆ ಒಂದು 757ನಲ್ಲೇ ಬ್ಯಾಂಡು, ಜನ, ಸಾಮಾನು ಎಲ್ಲಾ ತುಂಬಿಕೊಂಡು ತಾನೇ ಓಡಿಸಿದ. 2009ರ ಫೆಬ್ರವರಿಯಲ್ಲಿ ಅದೇ ಟೂರ್ ಮತ್ತೆ ಅರಮನೆ ಮೈದಾನಕ್ಕೆ ಬಂತು. 2016ರ ಟೂರ್‌ಗೆ 747. ಹಗಲು ಕಾಕ್‌ಪಿಟ್, ರಾತ್ರಿ ವೇದಿಕೆ. ನಿಮ್ಮ ಹುಡುಗ ನಾಲ್ಕು ಹಾಡಿಗೆ ಒದ್ದಾಡ್ತಾನಾ?

ಬಲಗಡೆ ಸೀಟು:
ಮಾಮ, ಒಂದು ವ್ಯತ್ಯಾಸ. ಆ ಟೂರ್‌ನಲ್ಲಿ ವಿಮಾನ ಅವನ ಹಾಡಿನ ಸಮಯ ನೋಡಿ ಹೊರಡ್ತಿತ್ತು. ನಮ್ಮದು ಪ್ರಯಾಣಿಕರ ಸಮಯ ನೋಡಿ ಹೊರಡುತ್ತೆ.

ಬೆಣ್ಣೆದೋಸೆ ಭಕ್ತ:
ನೆದರ್‌ಲ್ಯಾಂಡ್ಸ್ ರಾಜನ ಕಥೆ ಗೊತ್ತಾ? ವಿಲಂ ಅಲೆಕ್ಸಾಂಡರ್. 21 ವರ್ಷ ತಿಂಗಳಿಗೆ ಎರಡು ಸಲ ಅಲ್ಲಿನ ಕೆಎಲ್‌ಎಂ ಏರ್‌ಲೈನ್ ಕಡೆಯ ಚಿಕ್ಕ ವಿಮಾನದಲ್ಲಿ ಕೋ-ಪೈಲಟ್ ಆಗಿ ಕೂರ್ತಿದ್ದ. ಅದು ಬಹಿರಂಗ ಆಗಿದ್ದು 2017ರಲ್ಲಿ. ಅನೌನ್ಸ್‌ಮೆಂಟ್ ಮಾಡುವಾಗ ಹೆಸರು ಹೇಳ್ತಿರಲಿಲ್ಲ, ದನಿ ಕೇಳಿ ಕೆಲವರು ಗುರುತು ಹಿಡೀತಿದ್ದರಂತೆ. ಹಾಗೆ ನಿಮ್ಮವನೂ ತಿಂಗಳಿಗೆ ಎರಡೇ ಸಲ ಹೋಗಲಿ.

ಫಿಲ್ಟರ್ ಕಾಫಿ:
ಗೃಹಸಾಲದ ಕಂತು ಅರಮನೆಯವರು ಕಟ್ಟಿಕೊಡ್ತಾರಾ?

ಎಚ್‌ಎಎಲ್ ಎರಡನೇ ಹಂತ:
ನಮ್ಮಲ್ಲೇ ದತ್ತಣ್ಣ ಇದ್ದಾರಲ್ಲ! ವಾಯುಪಡೆ ಪೈಲಟ್, ಆಮೇಲೆ ದೊಡ್ಡ ನಟ.

ನಿವೃತ್ತ ಗುಮಾಸ್ತ:
ತಿದ್ದುಪಡಿ. ದತ್ತಾತ್ರೇಯ ಅವರು ವಾಯುಪಡೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಇದ್ದರು, ವಿಂಗ್ ಕಮಾಂಡರ್ ಆಗಿ ನಿವೃತ್ತರಾದರು, ಆಮೇಲೆ ಎಚ್‌ಎಎಲ್‌ನಲ್ಲಿ ಕೆಲಸ ಮಾಡಿದರು. ಅವರು ಎಂಜಿನಿಯರ್, ಪೈಲಟ್ ಅಲ್ಲ. ವಾಯುಪಡೆಯಲ್ಲಿ ಇದ್ದವರೆಲ್ಲ ವಿಮಾನ ಓಡಿಸಿದವರು ಅನ್ನೋದು, ಬಿಎಂಟಿಸಿಯಲ್ಲಿ ಇದ್ದವರೆಲ್ಲ ಡ್ರೈವರ್ ಅಂದ ಹಾಗೆ.

ಎಚ್‌ಎಎಲ್ ಎರಡನೇ ಹಂತ:
ಸರಿ ಸರ್. ತಪ್ಪಾಯಿತು. ಆದರೆ ವಯಸ್ಸಾದ ಮೇಲೂ ನಟನೆಯಲ್ಲಿ ಹೆಸರು ಮಾಡಬಹುದು ಅನ್ನೋದಕ್ಕೆ ಅವರೇ ಉದಾಹರಣೆ ಅಲ್ವಾ?

ನಿವೃತ್ತ ಗುಮಾಸ್ತ:
ಅದು ನಿಜ. ಇನ್ನೊಂದು ಮಾತು ಹೇಳ್ತೀನಿ, ಹಳಬನ ಮಾತು ಅಂತ ಬಿಟ್ಟುಬಿಡಬೇಡಿ.

ಬೆಂಗಳೂರಿನ ಹವ್ಯಾಸಿ ರಂಗಭೂಮಿ ನಡೆದಿದ್ದೇ ಬೇರೆ ಕೆಲಸ ಇದ್ದವರಿಂದ. ಬ್ಯಾಂಕು, ಐಟಿಐ, ಎಚ್‌ಎಂಟಿ, ಎಜಿ ಆಫೀಸು. ಎಂಬತ್ತರ ದಶಕದಲ್ಲಿ ನಮ್ಮ ತಂಡದಲ್ಲಿ ಕಾರ್ಖಾನೆಯ ಮೂರನೇ ಪಾಳಿಯವನೊಬ್ಬ ಇದ್ದ. ಕಲಾಕ್ಷೇತ್ರದಲ್ಲಿ ನಾಟಕ ಮುಗಿಸಿ, ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಂಡು, ಕಾರ್ಖಾನೆ ಬಸ್ಸು ಹತ್ತುತ್ತಿದ್ದ. ಕಿವಿ ಹಿಂದೆ ಯಾವಾಗಲೂ ಸ್ವಲ್ಪ ಗುಲಾಬಿ ಬಣ್ಣ ಉಳಿದಿರುತ್ತಿತ್ತು. ಗೇಟಿನ ಕಾವಲುಗಾರ ಅದನ್ನ ನೋಡಿಯೇ "ಇವತ್ತು ರಾಜನೋ, ಮಂತ್ರಿನೋ?" ಅಂತ ಕೇಳ್ತಿದ್ದನಂತೆ.

ನಟನೂ ಹಾಡುಗಾರನೂ ಒಬ್ಬನೇ ಆಗಿರೋದು ನಮಗೆ ಹೊಸದಲ್ಲ. ಕಂಪನಿ ನಾಟಕದಲ್ಲಿ ಹಾಡು ಬರದವನಿಗೆ ದೊಡ್ಡ ಪಾತ್ರ ಸಿಗೋದೇ ಕಷ್ಟ ಇತ್ತು. ಏಣಗಿ ಬಾಳಪ್ಪನವರನ್ನ ನೆನೆಸಿಕೊಳ್ಳಿ. ರಾಜ್‌ಕುಮಾರ್ ಗುಬ್ಬಿ ಕಂಪನಿಯಿಂದ ಬಂದವರು, ಕೊನೆಗೆ ಹಾಡಿಗೇ ರಾಷ್ಟ್ರಪ್ರಶಸ್ತಿ ತಗೊಂಡರು. ಹೊಸದು ಅಂದರೆ ಪೈಲಟ್ ಅನ್ನೋದಷ್ಟೇ.

ಬಸವನಗುಡಿ ಬೆಣ್ಣೆ:
ಮೂರನೇ ಪಾಳಿಯವನು ಸಂಜೆ ಊರಲ್ಲೇ ಇರ್ತಿದ್ದ ಸರ್. ಇವನು ಗುವಾಹಟಿಯಲ್ಲಿ ಇರ್ತಾನೆ.

ರೋಸ್ಟರ್ ಹೆಂಡತಿ:
ಪೈಲಟ್ ಒಬ್ಬರ ಹೆಂಡತಿ ನಾನು, ಹನ್ನೊಂದು ವರ್ಷದಿಂದ. ನನ್ನ ಮಗನ ನಾಮಕರಣದ ಮುಹೂರ್ತ ಇಟ್ಟಿದ್ದು ಪುರೋಹಿತರಲ್ಲ, ರೋಸ್ಟರ್. ನಮ್ಮತ್ತೆ ಈಗಲೂ ಹಬ್ಬ ಬಂದರೆ ಪಂಚಾಂಗದ ಜೊತೆ "ಅವನದು ಏನಿದೆ ನೋಡಮ್ಮ" ಅಂತಾರೆ.

ತಂಡದವರಿಗೆ ಎರಡು ವಿಷಯ. ಒಂದು, ಗಂಟಲು. ವಿಮಾನದೊಳಗಿನ ಗಾಳಿ ತುಂಬಾ ಒಣ. ತೇವ ಸಾಮಾನ್ಯವಾಗಿ 20 ಪರ್ಸೆಂಟ್‌ಗಿಂತ ಕಡಿಮೆ. ನಮ್ಮವರು ಮೂರು ನಾಲ್ಕು ದಿನ ಸತತ ಹಾರಿ ಬಂದರೆ ಮಾತೇ ಕರಕರ ಅನ್ನುತ್ತೆ. ಹಾಡಿನ ತಾಲೀಮನ್ನ ಇಳಿದ ದಿನವೇ ಇಡಬೇಡಿ. ಎರಡು, ನೆಗಡಿ. ನೆಗಡಿ ಇದ್ದಾಗ ಇಳಿಯುವಾಗ ಕಿವಿಯ ಒತ್ತಡ ಸರಿಹೋಗದೆ ಜೀವ ಹೋಗೋ ಅಷ್ಟು ನೋವಾಗುತ್ತೆ, ಕಿವಿತಮಟೆಗೂ ಪೆಟ್ಟು. ಹಾಗಾಗಿ ಪೈಲಟ್‌ಗಳು ನೆಗಡಿ ಅಂದರೆ ಹಾರಲ್ಲ. ನಿಮ್ಮವನು ನೆಗಡಿ ಅಂತ ರಜೆ ಹಾಕಿ ಮನೆಯಲ್ಲಿದ್ದಾನೆ, ತಾಲೀಮಿಗೆ ಸಿಗ್ತಾನೆ ಅಂತ ಖುಷಿಪಡಬೇಡಿ. ಅವತ್ತು ಹಾಡೂ ಇಲ್ಲ.

ಹನುಮಂತನಗರ ಹವ್ಯಾಸಿ:
ಮೇಡಂ, ಕಳೆದ ವಾರ ಅದೇ ಆಯಿತು! ನಾವು ಖುಷಿಯೂ ಪಟ್ಟೆವು.

ಇನ್ನೊಂದು ತಮಾಷೆ ಹೇಳಬೇಕು. ಒಂದು ದೃಶ್ಯದಲ್ಲಿ ಮ್ಯಾನೇಜರ್ ಬಂದು "ನಾಳೆ ಕ್ಯಾಂಪು ಎತ್ತಬೇಕು ಯಜಮಾನ್ರೇ, ದಾವಣಗೆರೆಗೆ" ಅಂತಾನೆ. ಯಜಮಾನ "ದುಡ್ಡೆಲ್ಲಿದೆಯೋ?" ಅನ್ನಬೇಕು. ಇವನು ಪ್ರತಿ ಸಲ ಮೊದಲು "ನಾಳೆ... ದಾವಣಗೆರೆಗೆ" ಅಂತ ಮೆಲ್ಲಗೆ ಹೇಳಿ, ಆಮೇಲೆ ತನ್ನ ಮಾತು ಹೇಳ್ತಾನೆ. ನಿರ್ದೇಶಕರು ಮೂರು ಸಲ ನಿಲ್ಲಿಸಿದರು. "ಅದು ನಿನ್ನ ಮಾತಲ್ಲಪ್ಪ!" ಅವನಿಗೆ ಗೊತ್ತೇ ಆಗ್ತಿಲ್ಲ.

ಬಲಗಡೆ ಸೀಟು:
ಅಯ್ಯೋ, ಅದು ರೀಡ್‌ಬ್ಯಾಕ್! ಕಂಟ್ರೋಲ್ ಟವರ್‌ನವರು ಎಷ್ಟು ಎತ್ತರ, ಯಾವ ರನ್‌ವೇ ಅಂತ ಏನು ಹೇಳಿದರೂ ನಾವು ಅದನ್ನೇ ವಾಪಸ್ ಹೇಳಬೇಕು, ತಪ್ಪು ಕೇಳಿಸಿಕೊಂಡಿಲ್ಲ ಅಂತ ಖಾತ್ರಿಗೆ. ನನ್ನ ಹೆಂಡತಿ "ಅರ್ಧ ಲೀಟರ್ ಮೊಸರು, ಒಂದು ಕಟ್ಟು ಕೊತ್ತಂಬರಿ" ಅಂದರೆ ನಾನೂ ಹಾಗೇ ವಾಪಸ್ ಹೇಳ್ತೀನಿ. ಅವಳಿಗೆ ಅಣಕಿಸ್ತೀನಿ ಅಂತ ಕೋಪ.

ಮಾತು ಕಲಿಯೋ ವಿಷಯದಲ್ಲಿ ಮಾತ್ರ ಅವನ ಬಗ್ಗೆ ಚಿಂತೆ ಬೇಡ. ಕೆಲವು ತುರ್ತು ಕ್ರಮಗಳನ್ನ ನಾವು ಪುಸ್ತಕ ತೆರೆಯದೆ ಬಾಯಿಪಾಠ ಹೇಳಬೇಕು. ಕ್ಯಾಬಿನ್ ಒತ್ತಡ ಇಳಿದರೆ ಮೊದಲು ಆಕ್ಸಿಜನ್ ಮಾಸ್ಕ್, ಆಮೇಲೆ ಮಿಕ್ಕಿದ್ದು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಪರೀಕ್ಷೆ ಮಾಡ್ತಾರೆ. ನಿಮ್ಮ ನಿರ್ದೇಶಕರು ಎಷ್ಟು ಬೈದರೂ ಅಷ್ಟು ಬೆವರು ಬರಲ್ಲ.

ಹನುಮಂತನಗರ ಹವ್ಯಾಸಿ:
ಓಹೋ! ನಿರ್ದೇಶಕರಿಗೆ ತೋರಿಸ್ತೀನಿ.

ಸಂಶಯ ಪಿಶಾಚಿ:
ಮೀಸೆ ಅಂಟಿಸೋ ಗೋಂದಿನಲ್ಲಿ ಸ್ಪಿರಿಟ್ ಇರುತ್ತೆ. ಮಾರನೇ ದಿನ ಊದಿಸಿದಾಗ ಸಿಕ್ಕಿಹಾಕಿಕೊಂಡರೆ?

ಬಲಗಡೆ ಸೀಟು:
ಪಿಶಾಚಿಯವರೇ, ಹುಡುಕಿ ಹುಡುಕಿ ತರ್ತೀರಿ. ತುಟಿ ಮೇಲೆ ಹಚ್ಚಿದ ಗೋಂದು ಮಾರನೇ ದಿನಕ್ಕೆ ಉಸಿರಿನಲ್ಲಿ ಉಳಿಯಲ್ಲ. ಆದರೆ ಭಯ ಇರೋದು ನಿಜ. ಹಾರೋಕೆ 12 ಗಂಟೆ ಮುಂಚೆಯಿಂದ ಒಂದು ಹನಿ ಮದ್ಯವೂ ಮುಟ್ಟೋ ಹಾಗಿಲ್ಲ, ಆಲ್ಕೋಹಾಲ್ ಇರೋ ಮೌತ್‌ವಾಷ್ ಕೂಡ ಬೇಡ ಅಂತ ನಿಯಮ. ಮೊದಲ ಸಲ ಸಿಕ್ಕಿಬಿದ್ದರೆ ಮೂರು ತಿಂಗಳು ಲೈಸೆನ್ಸ್ ಅಮಾನತು, ಎರಡನೇ ಸಲ ಮೂರು ವರ್ಷ. ಹಾಗಾಗಿ ಷೋ ಮುಗಿದ ಮೇಲಿನ ಪಾರ್ಟಿಗೆ ಅವನಿಗೆ ಮಜ್ಜಿಗೆ. ಗಂಟಲಿಗೆ ಅಂತ ಯಾರಾದರೂ ಕೆಮ್ಮಿನ ಸಿರಪ್ ಕೊಟ್ಟರೂ ಲೇಬಲ್ ಓದದೆ ಕುಡಿಯಬಾರದು.

ಹನುಮಂತನಗರ ಹವ್ಯಾಸಿ:
ನಮ್ಮ ಪಾರ್ಟಿ ಅಂದರೆ ದರ್ಶಿನಿಯಲ್ಲಿ ಖಾಲಿ ದೋಸೆ. ಆ ಭಯ ಇಲ್ಲ.

ಕುಡ್ಲದ ಕುವರಿ:
ವಿಷಯಾಂತರ. ನಿಮ್ಮ ಹುಡುಗ ವಿಮಾನದಲ್ಲಿ ಕನ್ನಡದಲ್ಲಿ ಅನೌನ್ಸ್‌ಮೆಂಟ್ ಮಾಡ್ತಾನಾ? ಒಮ್ಮೆ ಮಂಗಳೂರಿನ ವಿಮಾನದಲ್ಲಿ ಕ್ಯಾಪ್ಟನ್ ಕನ್ನಡದಲ್ಲಿ "ಎಡಗಡೆ ಕಿಟಕಿಯವರು ಘಟ್ಟ ನೋಡಿ, ಬಲಗಡೆಯವರು ಬೇಜಾರು ಮಾಡ್ಕೋಬೇಡಿ" ಅಂದರು. ಇಡೀ ವಿಮಾನ ನಕ್ಕಿತು. ನನ್ನ ಪಕ್ಕದ ಅಜ್ಜಿ "ಡ್ರೈವರ್ ನಮ್ಮವನೇ" ಅಂತ ಪರ್ಸಿನಿಂದ ಪೆಪ್ಪರ್‌ಮಿಂಟ್ ತೆಗೆದು ನನಗೆ ಕೊಟ್ಟರು.

ಎಚ್‌ಎಎಲ್ ಎರಡನೇ ಹಂತ:
ಬೆಂಗಳೂರಿನಿಂದ ಹೊರಡೋ ಎಲ್ಲಾ ವಿಮಾನದಲ್ಲೂ ಕನ್ನಡ ಕಡ್ಡಾಯ ಮಾಡಬೇಕು.

ಬಲಗಡೆ ಸೀಟು:
ಬಂದರೆ ಚೆಂದ. ಆದರೆ ನಮ್ಮ ಜೊತೆ ಪಂಜಾಬಿನವರು, ಮಣಿಪುರದವರು ಎಲ್ಲಾ ಇರ್ತಾರೆ. ಮತ್ತೆ ಹತ್ತು ಸಾವಿರ ಅಡಿಯ ಕೆಳಗೆ ಕೆಲಸಕ್ಕೆ ಬೇಡದ ಮಾತೇ ಆಡಬಾರದು. ಆಮೇಲೆ ಮಾತಾಡೋಣ ಅಂದರೆ ಮಂಗಳೂರಿನಂಥ ಚಿಕ್ಕ ದಾರಿಯಲ್ಲಿ ಬಿಡುವು ಸಿಗೋದೇ ಕಡಿಮೆ.

ಎಚ್‌ಎಎಲ್ ಎರಡನೇ ಹಂತ:
ಎರಡು ವಾಕ್ಯ ಕನ್ನಡ ಕಲಿಯೋಕೆ ಪಂಜಾಬಿನವರಿಗೆ ಎಷ್ಟು ಹೊತ್ತು ಬೇಕು? ಆಯಿತು, ಇಲ್ಲಿ ಬೇಡ, ಬೇರೆ ಚರ್ಚೆ ತೆರೀತೀನಿ.

ಅಮ್ಮ ಆಫ್ ಟೆನ್ತ್:
ಎಲ್ಲರೂ ಇರೋವಾಗಲೇ ಕೇಳಿಬಿಡ್ತೀನಿ. ನನ್ನ ಮಗಳು ಸಂಗೀತ ಸೀನಿಯರ್ ಮಾಡ್ತಿದ್ದಾಳೆ, ಪೈಲಟ್ ಆಗ್ತೀನಿ ಅಂತಾಳೆ. ಕನ್ನಡಕ ಇದೆ. ಆಗುತ್ತಾ?

ಬಲಗಡೆ ಸೀಟು:
ಕನ್ನಡಕ ಇದ್ದರೆ ತೊಂದರೆ ಇಲ್ಲ ಮೇಡಂ, ಕನ್ನಡಕ ಹಾಕಿಕೊಂಡು ಸರಿಯಾಗಿ ಕಾಣಬೇಕು. ಬಣ್ಣ ಗುರುತಿಸೋ ಪರೀಕ್ಷೆ ಪಾಸಾಗಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಬೇಕು. ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟ ಆಗಿರಬೇಕು. ಲಕ್ಷಗಟ್ಟಲೆ ದುಡ್ಡು ಕಟ್ಟೋ ಮುಂಚೆ ಕ್ಲಾಸ್ ಒನ್ ಮೆಡಿಕಲ್ (ಪೈಲಟ್‌ಗಳ ಆರೋಗ್ಯ ತಪಾಸಣೆ) ಮಾಡಿಸಿಬಿಡಿ. ಅದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಹಳೇ ಏರ್‌ಪೋರ್ಟ್ ರಸ್ತೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲೇ ಮಾಡ್ತಾರೆ. ನಾನು ಮೊದಲು ಹಣ ಕಟ್ಟಿ, ಆಮೇಲೆ ಮೆಡಿಕಲ್‌ಗೆ ಹೋಗಿ, ಫಲಿತಾಂಶ ಬರೋ ತನಕ ನಿದ್ದೆ ಮಾಡಿರಲಿಲ್ಲ. ಸಂಗೀತ ಮಾತ್ರ ಬಿಡಿಸಬೇಡಿ.

ನಿವೃತ್ತ ಗುಮಾಸ್ತ:
ಹವ್ಯಾಸಿಯವರೇ, ಷೋ ಎರಡು ಅಂದಿರಿ. ಎರಡಕ್ಕೂ ಒಬ್ಬನೇ ಯಾಕೆ? ಬದಲಿ ಪಾತ್ರಧಾರಿ ಒಬ್ಬನ್ನ ಸಿದ್ಧ ಮಾಡಿ ಒಂದು ಷೋ ಅವನಿಗೆ ಕೊಡಿ. ಸುಮ್ನೆ ಪಕ್ಕದಲ್ಲಿ ಕೂರಿಸಿದರೆ ಯಾರೂ ಮನಸ್ಸಿಟ್ಟು ಕಲಿಯಲ್ಲ. ಷೋ ಕೊಟ್ಟರೆ ಕಲೀತಾರೆ.

ಬಸವನಗುಡಿ ಬೆಣ್ಣೆ:
ಇದಕ್ಕೆ ನನ್ನ ಒಪ್ಪಿಗೆ ಇದೆ. ಬದಲಾಯಿಸಿ ಅಂದಿದ್ದರಲ್ಲಿ ಅರ್ಧ.

ಹನುಮಂತನಗರ ಹವ್ಯಾಸಿ (ಹನ್ನೆರಡು ದಿನದ ನಂತರ):
ಕೇಳಿದವರಿಗೆಲ್ಲ ಒಂದೇ ಉತ್ತರ. ರೋಸ್ಟರ್ ಬಂತು. ಶನಿವಾರ, ಭಾನುವಾರ ರಜೆ ಸಿಕ್ಕಿದೆ. ಆದರೆ ಸೋಮವಾರ ಬೆಳಗ್ಗೆ ನಾಲ್ಕೂ ಮುಕ್ಕಾಲಿಗೆ ರಿಪೋರ್ಟಿಂಗ್. 7:30ರ ಷೋ ಮುಗಿಸಿ, ಬಣ್ಣ ತೆಗೆದು, ಮಲಗೋದು ಯಾವಾಗ? ನಾವು ಕೇಳೋ ಮುಂಚೆ ಅವನೇ "ರಾತ್ರಿ ಷೋ ನನ್ನಿಂದ ಆಗಲ್ಲ ಸರ್" ಅಂದ. ಮುಖ ಸಣ್ಣದಾಗಿತ್ತು.

ಹಾಗಾಗಿ 3:30ಕ್ಕೆ ಪೈಲಟ್ ಯಜಮಾನ, 7:30ಕ್ಕೆ ಹೋಮಿಯೋಪತಿ ಡಾಕ್ಟರ್ ಯಜಮಾನ. ಡಾಕ್ಟರಿಗೆ ಹಾಡು ಬರಲ್ಲ. ಅವರಿಗಾಗಿ ನಾಲ್ಕರಲ್ಲಿ ಎರಡು ಹಾಡು ಮೇಳಕ್ಕೆ ಕೊಟ್ಟಿದ್ದೇವೆ, ಒಂದು ಕಿತ್ತು ಹಾಕಿದೆವು, ಒಂದನ್ನ ಅವರು ಮಾತಿನ ಹಾಗೆ ಹೇಳ್ತಾರೆ. ವಿಚಿತ್ರ ಅಂದರೆ ಹಾಗೆ ಹೇಳಿದಾಗ ಹಾರ್ಮೋನಿಯಂ ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಪೈಲಟ್ ಅದನ್ನ ನೋಡಿ ಎರಡು ದಿನದಿಂದ ಆ ಹಾಡನ್ನ ಇನ್ನೂ ಜೋರಾಗಿ ಅಭ್ಯಾಸ ಮಾಡ್ತಿದ್ದಾನೆ.

ಮತ್ತೆ ಆ "ನಾಳೆ... ದಾವಣಗೆರೆಗೆ" ನಾಟಕದಲ್ಲಿ ಉಳೀತು. ಯಜಮಾನ ಮನಸ್ಸಿನಲ್ಲೇ ಲಾರಿ ಬಾಡಿಗೆ ಲೆಕ್ಕ ಹಾಕ್ತಿದ್ದಾನೆ ಅನ್ನೋ ಹಾಗೆ ಇದೆ ಅಂತ ನಿರ್ದೇಶಕರೇ ಸ್ಕ್ರಿಪ್ಟಿಗೆ ಬರೆಸಿದರು. ಈಗ ಡಾಕ್ಟರೂ ಹಾಗೇ ಹೇಳಬೇಕು. ಅವರು ಮರೀತಾರೆ.

ಮೆಟಲ್ ಮಾಮ:
ನಾನು ಎರಡೂ ಷೋ ನೋಡ್ತೀನಿ. ಮೈಕ್ ಇಲ್ಲ ಅಂದರೆ ಕಿವಿಗೂ ಒಳ್ಳೇದು.

ಸಂಶಯ ಪಿಶಾಚಿ:
3:30ಕ್ಕೆ ಎರಡು ಟಿಕೆಟ್ ಇಡಿ. ಅವನು ಸೋಮವಾರ ಯಾವ ಊರಿಗೆ ಹೋಗ್ತಾನೆ ಅಂತ ಕೇಳಿ ಹೇಳ್ತೀರಾ? ನನಗೂ ಅವತ್ತು ಬೆಳಗ್ಗೆ ಪುಣೆ ಇದೆ.